ಮಂಗಳಕ್ಕೆ ಮುಂಚೆ ಕೇಳಿದ್ದು

ಇಂಥ ಬರಹಗಳನ್ನು ಓದುವಾಗ ನಾನು ಮೊದಲು ಹುಡುಕುತ್ತಿದ್ದುದು ಬರೆದವರು ಎಲ್ಲಿ ಜಾರಿದ್ದಾರೆ ಎಂಬುದನ್ನು. ಯಾರಿಗೋ ಎಲ್ಲೋ ಏನೋ ಕಾಣಿಸಿತು, ಏನೋ ಕೇಳಿಸಿತು ಎಂದರೆ, ಅವರಿಗೆ ಆಗ ಜ್ವರವಿತ್ತೇ, ನಿದ್ದೆಗೆಟ್ಟಿದ್ದರೇ, ಎಷ್ಟು ವರ್ಷ ಬಿಟ್ಟು ಬರೆಯುತ್ತಿದ್ದಾರೆ ಎಂದು ನೋಡಿ ಪುಟ ಮಗುಚಿಬಿಡುತ್ತಿದ್ದೆ. ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು, ಅರ್ಧ ಆಯುಷ್ಯ ಅದನ್ನೇ ಪಾಠ ಮಾಡಿದವನು. ಕೆಂಗೇರಿ ಉಪನಗರದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಗೋಡೆಯೊಳಗೆ ಯಾರೋ ಬಡಿಯುತ್ತಾರೆಂದು ಹೋಮಕ್ಕೆ ದಿನ ಗೊತ್ತು ಮಾಡಿದಾಗ, ತಾರಸಿ ಹತ್ತಿ ಟ್ಯಾಂಕಿನ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುವುದನ್ನು ತೋರಿಸಿಕೊಟ್ಟವನು ನಾನೇ. ಚಿಕ್ಕಮ್ಮ ಪ್ಲಂಬರನ್ನೂ ಕರೆಸಿದರು, ಹೋಮವನ್ನೂ ಮಾಡಿಸಿದರು. ಬಡಿತ ನಿಂತದ್ದು ಯಾವುದರಿಂದ ಎಂಬ ವಿಷಯದಲ್ಲಿ ನಮ್ಮಿಬ್ಬರಿಗೆ ಇವತ್ತಿಗೂ ಒಮ್ಮತವಿಲ್ಲ.

ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ಇದರಲ್ಲಿ ದೆವ್ವವಿಲ್ಲ, ಸತ್ತವರು ಯಾರೂ ಬರುವುದಿಲ್ಲ. ನೀವು ನಂಬಬೇಕೆಂಬ ಆಸೆಯೂ ನನಗಿಲ್ಲ. ನಿಜ ಹೇಳಬೇಕೆಂದರೆ ಯಾರಾದರೂ ಇದನ್ನು ಓದಿ, "ಇಷ್ಟೇನಾ ಸಾರ್? ಇದು ಹೀಗಾಗಿರುತ್ತೆ" ಎಂದು ಸಲೀಸಾಗಿ ಬಿಡಿಸಿ ಹೇಳಿಬಿಟ್ಟರೆ ನನ್ನಷ್ಟು ಸಂತೋಷಪಡುವವನು ಇನ್ನೊಬ್ಬನಿಲ್ಲ. ಆದರೆ ಹೇಗೆ ಬಿಡಿಸಿ ಹೇಳುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಅದಕ್ಕೆ ಮೊದಲು ನಮ್ಮ ತಂದೆಯವರ ವಿಷಯ ಹೇಳಬೇಕು. ಅವರು ನನಗೀಗಿರುವ ವಯಸ್ಸಿಗೆ ಸ್ವಲ್ಪ ಹೆಚ್ಚುಕಡಿಮೆ ಇದ್ದಾಗ ಅವರ ನೆನಪು ಹಾಳಾಗತೊಡಗಿತು. ಎಲ್ಲರಿಗೂ ಆಗುವಂತೆ ಹೆಸರು, ಮುಖ ಮರೆಯುವುದರಿಂದ ಅದು ಶುರುವಾಗಲಿಲ್ಲ. ಮೊದಲು ಹೋದದ್ದು ಬೆಳಗುಗಳು. ಒಂದು ದಿನ ವಿಜಯನಗರದ ಮಾರುಕಟ್ಟೆಗೆ ಹೋಗಿ ಚೀಲದ ತುಂಬ ತರಕಾರಿ ತಂದರು, ಅವರೆಕಾಯಿ ಎಳೆಯದಾಗಿದೆ ಎಂದು ಅಮ್ಮನಿಗೆ ತೋರಿಸಿದರು, ತಿಂಡಿ ತಿಂದರು, ಪೇಪರ್ ಓದಿದರು. ಊಟದ ಹೊತ್ತಿಗೆ, "ಇವತ್ತು ಯಾರೂ ತರಕಾರಿ ತರಲಿಲ್ವಾ?" ಎಂದು ಕೇಳಿದರು. ನಾವೆಲ್ಲ ನಕ್ಕೆವು. ಅವರೂ ನಕ್ಕರು. ಆಮೇಲೆ ಅಡುಗೆಮನೆಗೆ ಹೋಗಿ ಬುಟ್ಟಿಯಲ್ಲಿದ್ದ ಅವರೆಕಾಯಿಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದುದನ್ನು ನಾನು ಬಾಗಿಲ ಹತ್ತಿರದಿಂದ ಕಂಡೆ. ಸಂಜೆಗಳು ಅವರ ಬಳಿ ಇನ್ನೂ ಕೆಲವು ವರ್ಷ ಉಳಿದಿದ್ದವು. ಬೆಳಗುಗಳು ಒಂದೊಂದಾಗಿ ಅಳಿಸಿಹೋದವು.

ಇನ್ನು ಆ ಭಾನುವಾರಗಳ ವಿಷಯ.

ನನ್ನ ಕಾಲೇಜು ದಿನಗಳ ಗೆಳೆಯ ಸೀನ ವಿಜಯನಗರದಲ್ಲಿದ್ದಾನೆ. ಬ್ಯಾಂಕಿನ ಕೆಲಸದಿಂದ ಬೇಗ ಸ್ವಯಂನಿವೃತ್ತಿ ಪಡೆದು ಊರಿನಲ್ಲಿ ಯಾರೂ ಕೇಳದ ಸಂಗೀತವನ್ನೆಲ್ಲ ಕೇಳುವುದು, ಕೇಳಿಸುವುದು ಅವನ ಹುಚ್ಚು. ಜಪಾನಿನಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಪಾಶ್ಚಾತ್ಯ ವಾದ್ಯಗಳಿಗೆ ಸಂಗೀತ ಬರೆದ ಸಂಯೋಜಕರ ದೊಡ್ಡ ಸಾಲೇ ಇದೆ, ನಮ್ಮವರಿಗೆ ಅದರ ಗಂಧವೂ ಇಲ್ಲ, ನಾಲ್ಕು ಭಾನುವಾರ ನಾಲ್ಕು ಜನರ ರಚನೆಗಳನ್ನು ನುಡಿಸಿಸೋಣ ಎಂದು ಅವನು ಹೊರಟ. ನುಡಿಸುವವರು ಸಿಕ್ಕಿದ್ದೇ ಅವನ ಹುಚ್ಚಿಗೆ ಕಾರಣ. ಮಿಚಿಕೊ ಎಂಬ ಜಪಾನಿ ಮಹಿಳೆ ಗಂಡನ ಕೆಲಸದ ನಿಮಿತ್ತ ರಾಜರಾಜೇಶ್ವರಿನಗರದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದರು. ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಿದ್ದರು. ನಲವತ್ತು ದಾಟಿರಬೇಕು. ಇಂಗ್ಲಿಷ್ ಚೆನ್ನಾಗಿ ಆಡುತ್ತಿದ್ದರು. ಕನ್ನಡದಲ್ಲಿ "ಸ್ವಲ್ಪ ಸ್ವಲ್ಪ", "ಬೇಡ ಅಣ್ಣ", "ಲೆಫ್ಟಿಗೆ ಹೋಗಿ" ಇಷ್ಟು ಬರುತ್ತಿತ್ತು.

ಜಾಗ ರಾಜಾಜಿನಗರದ ಒಂದು ಭಜನ ಮಂಡಳಿಯ ಮಹಡಿ. ಕೆಳಗೆ ದೇವರ ಮನೆ, ಮೇಲೆ ಒಂದು ಸಾಧಾರಣ ಸಭಾಂಗಣ, ಚಿಕ್ಕ ವೇದಿಕೆ, ಅದಕ್ಕೊಂದು ಮಾಸಿದ ಕೆಂಪು ಪರದೆ. ರಾಮನವಮಿ ಕಛೇರಿಗಳು, ಮಕ್ಕಳ ಗಾಯನ ಸ್ಪರ್ಧೆಗಳು ನಡೆಯುವ ಜಾಗ. ಮಿಚಿಕೊ ಅವರ ಎಲೆಕ್ಟ್ರಾನಿಕ್ ಪಿಯಾನೊವನ್ನೇ ಪ್ರತಿ ಭಾನುವಾರ ಬೆಳಿಗ್ಗೆ ಟೆಂಪೊದಲ್ಲಿ ಹೇರಿಕೊಂಡು, ನಾಯಂಡಹಳ್ಳಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಅದು ಅಲುಗಾಡದ ಹಾಗೆ ಹಿಡಿದುಕೊಂಡು ಸೀನ ತರುತ್ತಿದ್ದ. ನನ್ನ ಪಾಲಿಗೆ ಬಂದ ಕೆಲಸ ಎರಡು. ಪ್ರತಿ ರಚನೆಗೆ ಮೊದಲು ಕನ್ನಡದಲ್ಲಿ ನಾಲ್ಕು ಮಾತು ಹೇಳುವುದು, ಕುರ್ಚಿ ಹಾಕಿಸುವುದು. ಕುರ್ಚಿ ಹಾಕುವುದರಲ್ಲಿ ನನಗೊಂದು ಪದ್ಧತಿಯಿದೆ. ಹಿಂದಿನ ಸಾಲಿನ ಕುರ್ಚಿ ಮುಂದಿನ ಸಾಲಿನ ಎರಡು ಕುರ್ಚಿಗಳ ಸಂದಿಗೆ ಸರಿಯಾಗಿ ಬರಬೇಕು. ಆಗ ಯಾರ ತಲೆಯೂ ಯಾರಿಗೂ ಅಡ್ಡ ಬರುವುದಿಲ್ಲ. ಇದಕ್ಕೆ ಸೀನ ನನ್ನನ್ನು ಗೇಲಿ ಮಾಡದ ದಿನವಿಲ್ಲ.

ಬಂದವರು ಮಂಡಳಿಯ ಮಾಮೂಲಿ ಜನ. ರಾಜಾಜಿನಗರ, ಬಸವೇಶ್ವರನಗರದ ಸಂಗೀತಪ್ರಿಯರು, ಮಿಚಿಕೊ ಅವರ ಶಿಷ್ಯರ ಅಪ್ಪ ಅಮ್ಮಂದಿರು. ಮೊದಲ ವಾರ ಪಿಟೀಲು ಪಿಯಾನೊ ಎರಡೂ ಇತ್ತು. ಮಂಡಳಿಯಲ್ಲಿ ಸಂಗೀತ ಕಲಿಸುವ ಶಾರದಮ್ಮನವರು ಕಣ್ಣು ಮುಚ್ಚಿ ಕೇಳಿ, "ಮೋಹನ ಕಣ್ರೀ ಅದು, ನಮ್ಮ ಮೋಹನಾನೇ. ಪಾಪ, ಗಮಕ ಒಂದು ಇಲ್ಲ" ಎಂದು ತೀರ್ಪು ಕೊಟ್ಟರು. ಎಪ್ಪತ್ತು ದಾಟಿದ ಅವರ ಮಾತನ್ನು ಆ ಹಾಲ್‌ನಲ್ಲಿ ಯಾರೂ ಎದುರಾಡುವುದಿಲ್ಲ.

ಆ ಸಭಾಂಗಣದಲ್ಲಿ ಇನ್ನೊಂದು ನಡೆದುಬಂದ ರೂಢಿಯಿದೆ. ಮಂಗಳ ಹಾಡದೆ ಕಛೇರಿ ಮುಗಿಯುವುದಿಲ್ಲ. ಮಂಗಳವಾಗುವ ತನಕ ಯಾರೂ ಏಳುವುದಿಲ್ಲ. ಬಸ್ಸು ತಪ್ಪಿದರೂ ಸರಿ, ಮನೆಯಲ್ಲಿ ನೆಂಟರು ಬಂದು ಕೂತಿದ್ದರೂ ಸರಿ. ಜಪಾನಿನ ಸಂಗೀತವಾದರೇನು, ಹಾಲ್ ತಮ್ಮದೇ ತಾನೆ? ಮೊದಲ ಎರಡು ವಾರವೂ ಕೊನೆಯ ರಚನೆ ಮುಗಿದ ಕೂಡಲೇ ಶಾರದಮ್ಮ ಕೂತಲ್ಲಿಂದಲೇ ಮಂಗಳ ಶುರುಮಾಡಿದ್ದರು, ಜನ ಕೈಮುಗಿದು ಎದ್ದು ಹೋಗಿದ್ದರು. ಮಿಚಿಕೊ ಅದನ್ನು ಹಾಲ್‌ನವರು ತಮಗೆ ತೋರಿಸುತ್ತಿರುವ ಮರ್ಯಾದೆ ಎಂದುಕೊಂಡು ಎರಡು ಸಲವೂ ಬಗ್ಗಿ ನಮಸ್ಕರಿಸಿದ್ದರು.

ಮೂರನೆಯ ಭಾನುವಾರ ಮಿಚಿಕೊ ಒಬ್ಬರೇ ನುಡಿಸಿದರು. ಮೂರು ರಚನೆಗಳಿದ್ದವು. ಮೂರನೆಯದು ಗಟ್ಟಿಯಾಗಿ, ಆರ್ಭಟದಲ್ಲಿ ಮುಗಿಯಿತು. ಚಪ್ಪಾಳೆಯಾಯಿತು. ಅವರು ನಮಸ್ಕರಿಸಿ ಪರದೆಯ ಹಿಂದೆ ಹೋದರು. ಚಪ್ಪಾಳೆ ನಿಂತಿತು. ಜನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತರು. ಮಂಗಳ ಬರಲಿಲ್ಲ. ಶಾರದಮ್ಮ ಯಾವುದೋ ಕೆಲಸಕ್ಕೆ ಕೆಳಗಿನ ದೇವರ ಮನೆಗೆ ಇಳಿದಿದ್ದರು, ಸೀನ ಅದನ್ನು ಗಮನಿಸಿರಲಿಲ್ಲ. ನಾನು ನಾಲ್ಕನೆಯ ಸಾಲಿನಲ್ಲಿ ನನ್ನ ಹೆಂಡತಿ ಸುಮಾಳ ಪಕ್ಕ ಕೂತಿದ್ದೆ. ಇಲ್ಲಿಯವರೆಗೆ ಎಲ್ಲರ ನೆನಪೂ ಒಂದೇ.

ನನ್ನ ನೆನಪಿನಲ್ಲಿ ಮುಂದೆ ನಡೆದದ್ದು ಹೀಗೆ. ಮಿಚಿಕೊ ಮತ್ತೆ ನುಡಿಸಿದರು. ನಾನು ಪರಿಚಯಿಸಿರದ, ನನಗೆ ಗೊತ್ತಿರದ ಒಂದು ರಚನೆ. ತುಂಬ ನಿಧಾನ. ಕೆಳಗಿನ ಸ್ವರಗಳಲ್ಲಿಯೇ ಓಡಾಡುವಂಥದ್ದು, ಎಡಗೈಯೊಂದೇ ನುಡಿಸುತ್ತಿರುವಂತೆ. ಒಂದು ಪುಟ್ಟ ಸಾಲು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿತ್ತು, ಇನ್ನೊಂದೇ ಮೆಟ್ಟಿಲಿದೆ ಎನ್ನುವಾಗ ನಿಂತುಬಿಡುತ್ತಿತ್ತು. ಮತ್ತೆ ಮೇಲಿನಿಂದ, ಸ್ವಲ್ಪ ಬೇರೆ ದಾರಿಯಲ್ಲಿ ಇಳಿಯುತ್ತಿತ್ತು, ಮತ್ತೆ ಅಲ್ಲೇ ನಿಲ್ಲುತ್ತಿತ್ತು. ಆ ಕೊನೆಯ ಸ್ವರ ಬರಲಿ ಎಂದು ಮೈಯೆಲ್ಲ ಕಿವಿಯಾಗಿ ಕಾಯುವ ಹಾಗೆ. ಅದು ಬಂದದ್ದು ಕಟ್ಟಕಡೆಗೆ, ಒಂದೇ ಸಲ. ಅಷ್ಟರಲ್ಲಿ ಶಾರದಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಮಂಗಳ ಹಾಡಿದರು, ಎಲ್ಲರೂ ಎದ್ದೆವು.

ಸ್ಕೂಟರಿನಲ್ಲಿ ಮನೆಗೆ ಬರುವಾಗ ನಾನು ಸುಮಾಳಿಗೆ, "ಆ ಕೊನೇದು ಎಷ್ಟು ಚೆನ್ನಾಗಿತ್ತು ಅಲ್ವಾ" ಎಂದೆ.

"ಚೆನ್ನಾಗೇನಿತ್ತು ರೀ, ಪಾಪ ಅವ್ರಿಗೆ ಉಸಿರೇ ಸಿಗ್ತಾ ಇರ್ಲಿಲ್ಲ."

"ಮಂಗಳ ಅಲ್ಲ ಕಣೇ, ಅದಕ್ಕೆ ಮುಂಚೆ ನುಡಿಸಿದ್ದು. ನಿಧಾನಕ್ಕೆ, ಇಳೀತಾ ಇಳೀತಾ."

"ಅದಾ? ಅದೆಲ್ಲಿ ನಿಧಾನ? ಕೀಲಿಮಣೆ ಮುರಿದೇ ಹೋಗುತ್ತೆ ಅಂದ್ಕೊಂಡೆ ನಾನು." ಅವಳು ಹೇಳುತ್ತಿದ್ದುದು ಮೂರನೆಯ ರಚನೆಯನ್ನು.

ಆಮೇಲಿನದು ಮನೆ ತಲುಪುವವರೆಗೂ ನಡೆದ ಜಗಳ. ಅವಳ ಪ್ರಕಾರ ಚಪ್ಪಾಳೆಯಾದ ಮೇಲೆ ಎಲ್ಲರೂ ಪೆಚ್ಚಾಗಿ ಸುಮ್ಮನೆ ಕೂತಿದ್ದರು, ಯಾರೋ ಕೆಮ್ಮಿದರು, ಶಾರದಮ್ಮ ಬಂದರು. ಅಷ್ಟೇ. ನಾನು ಕೂತಲ್ಲೇ ನಿದ್ದೆ ಹೋಗಿದ್ದೆನೇ ಎಂದು ಕೇಳಿದೆ. ಇಲ್ಲವಂತೆ. ಕಣ್ಣು ಬಿಟ್ಟುಕೊಂಡೇ, ನೆಟ್ಟಗೆ ಕೂತಿದ್ದೆನಂತೆ. "ಎಷ್ಟು ಹೊತ್ತು ಹೀಗೇ ಕೂರೋದು ಅಂತ ನಿಮ್ಮ ಕೈ ಜಿಗುಟಿದೆ, ನೀವು ತಿರುಗೂ ನೋಡ್ಲಿಲ್ಲ" ಎಂದಳು.

ಸೀನ ಪ್ರತಿ ಕಛೇರಿಯನ್ನೂ ಧ್ವನಿಮುದ್ರಣ ಮಾಡಿಕೊಳ್ಳುತ್ತಿದ್ದ. ಮಾರನೆಯ ದಿನವೇ ಅವನ ಮನೆಗೆ ಹೋಗಿ ಹಾಕಿಸಿ ಕೇಳಿದೆ. ಮೂರನೆಯ ರಚನೆಯ ಆರ್ಭಟ, ಚಪ್ಪಾಳೆ, ಆಮೇಲೆ ಏನೂ ಇಲ್ಲ. ಫ್ಯಾನಿನ ಸದ್ದು, ಹೊರಗೆ ಆಟೋದ ಹಾರ್ನು, ಒಂದು ಕೆಮ್ಮು, ಕುರ್ಚಿಯೊಂದರ ಕಿರುಗುಟ್ಟುವಿಕೆ. ಆಮೇಲೆ ಶಾರದಮ್ಮನ ಏದುಸಿರು, ಮಂಗಳ. ಆ ನಿಶ್ಶಬ್ದ ಬಹಳ ಚಿಕ್ಕದು. ನಾನು ಕೇಳಿದ ರಚನೆ ಅದರೊಳಗೆ ಹಿಡಿಸುವಂಥದ್ದೇ ಅಲ್ಲ. ನಾನು ಮತ್ತೆ ಮತ್ತೆ ಹಾಕಿಸಿದೆ. ಸೀನನಿಗೆ ಬೇಜಾರಾಯಿತು.

"ಏನೋ ಇದು, ಖಾಲಿ ಟೇಪ್ ಕೇಳೋಕೆ ಬಸವೇಶ್ವರನಗರದಿಂದ ಬಂದಿದೀಯಾ?"

ಹೇಳಿದೆ. ಅವನು ನಕ್ಕು, ಹಾಗಾದರೆ ಅದನ್ನು ಹಾಡು ನೋಡೋಣ ಎಂದ. ನನಗೆ ಶಾರೀರವಿಲ್ಲ, ಶ್ರುತಿ ನಿಲ್ಲುವುದಿಲ್ಲ. ಆದರೂ ಬಾಯಿ ಮುಚ್ಚಿ ಗುನುಗಿದೆ. ನನಗೇ ಆಶ್ಚರ್ಯವಾಗುವಷ್ಟು ಪೂರ್ತಿಯಾಗಿ ಬಂತು, ಆ ನಿಲುಗಡೆಗಳ ಸಮೇತ.

"ಶಾರದಮ್ಮನ ಮೋಹನಕ್ಕೆ ಟೈಫಾಯ್ಡ್ ಬಂದ ಹಾಗಿದೆ" ಎಂದ ಸೀನ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಹೋಗ್ಲಿ ಬಿಡೋ. ಯೂಟ್ಯೂಬಲ್ಲಿ ಏನೋ ಕೇಳಿರ್ತೀಯ, ತಲೇಲಿ ಕೂತಿರುತ್ತೆ."

ಅವನು ಹೇಳಿದ್ದನ್ನೇ ನಾನೂ ನಂಬಿದ್ದೆ. ಪರಿಚಯದ ಮಾತಿಗೆಂದು ಆ ವಾರಗಳಲ್ಲಿ ಅಂಥದ್ದನ್ನು ಬೇಕಾದಷ್ಟು ಕೇಳಿದ್ದೆ. ಅದರಲ್ಲಿ ಯಾವುದೋ ಒಂದು ತುಂಡು, ಹಾಲ್‌ನ ಆ ಮುಜುಗರದ ಮೌನದಲ್ಲಿ ಮೇಲೆದ್ದು ಬಂದಿದೆ. ಇಷ್ಟೇ. ನಾನು ಕೇಳಿದ್ದನ್ನೆಲ್ಲ ಮತ್ತೆ ಹಾಕಿ ಹುಡುಕಿದೆ, ಸಿಗಲಿಲ್ಲ. ಆದರೂ ಸಮಾಧಾನವಾಗಿಯೇ ಇದ್ದೆ. ಮೆದುಳು ಇಂಥ ಆಟ ಆಡುತ್ತದೆ ಎಂದು ಹುಡುಗರಿಗೆ ತರಗತಿಯಲ್ಲಿ ಹೇಳಲು ಒಳ್ಳೆಯ ಉದಾಹರಣೆ ಸಿಕ್ಕಿತು ಎಂದುಕೊಂಡೆ.

ನಾಲ್ಕನೆಯ ಭಾನುವಾರ ಕಛೇರಿಗೆ ಮೊದಲು ಮಿಚಿಕೊ ಪಿಯಾನೊ ಮುಂದೆ ಬೆರಳು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಸೀನನೇ ನನ್ನನ್ನು ಎಳೆದುಕೊಂಡು ಹೋದ. ನಮ್ಮ ಗೆಳೆಯನಿಗೆ ನೀವು ನುಡಿಸದೇ ಇದ್ದದ್ದು ಕೇಳಿಸಿದೆ, ಅದು ಯಾವುದೆಂದು ಹೇಳಿ ಎಂದು ತಮಾಷೆ ಮಾಡಿದ. ಅವರೂ ನಗುತ್ತ, ಹಾಡಿ ಎಂದರು. ನಾಚಿಕೆಯಿಂದಲೇ ಗುನುಗಿದೆ. ಮೊದಲ ಸಾಲು ಇಳಿದು ನಿಂತಿತು. ಎರಡನೆಯದು ಇಳಿದು ನಿಂತಿತು. ಅಲ್ಲಿಗೇ ಬಿಟ್ಟೆ. ಮಿಚಿಕೊ ನಗುತ್ತಿರಲಿಲ್ಲ. ಎಡಗೈಯ ಒಂದು ಬೆರಳಿನಿಂದ, ನಾನು ಬಿಟ್ಟಿದ್ದ ಆ ಕೊನೆಯ ಸ್ವರವನ್ನು ಒತ್ತಿದರು.

ಇದನ್ನು ಎಲ್ಲಿ ಕೇಳಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಿಮ್ಮಿಂದಲೇ, ಹೋದ ವಾರ, ಇಲ್ಲೇ ಎಂದೆ.

ಅವರು ಹೇಳಿದ್ದು ಇದು. ಅದು ಅವರ ಗುರುಗಳು ಬರೆದದ್ದು. ಮಿಚಿಕೊ ಭಾರತಕ್ಕೆ ಹೊರಟಾಗ ಅವರಿಗೆಂದೇ ಬರೆದು ಕೊಟ್ಟದ್ದು, ಎಡಗೈಗೆ ಮಾತ್ರ. ಎಲ್ಲೂ ಅಚ್ಚಾಗಿಲ್ಲ, ಯಾರೂ ಧ್ವನಿಮುದ್ರಣ ಮಾಡಿಕೊಂಡಿಲ್ಲ. ಅವರು ಮನೆಯಲ್ಲಿ ತಮ್ಮ ಪಾಡಿಗೆ ನುಡಿಸಿಕೊಳ್ಳುತ್ತಾರೆ. ನಮ್ಮಿಬ್ಬರಲ್ಲಿ ಅವರ ಮನೆಗೆ ಹೋದವನು ಸೀನ ಮಾತ್ರ, ನಾನು ಎಂದೂ ಹೋದವನಲ್ಲ. ಹೋದ ವಾರ ಅದನ್ನು ಕೊನೆಯಲ್ಲಿ ನುಡಿಸಬೇಕೆಂದು ಅವರಿಗೆ ಆಸೆಯಿತ್ತಂತೆ. ಅವರ ಕಡೆ ಜನ ಇನ್ನಷ್ಟು ಬೇಕೆಂದರೆ ಚಪ್ಪಾಳೆ ನಿಲ್ಲಿಸುವುದಿಲ್ಲ, ಬೇಡವೆಂದರೆ ಎದ್ದು ಹೋಗುತ್ತಾರೆ. ಇಲ್ಲಿ ಜನ ಚಪ್ಪಾಳೆಯನ್ನೂ ನಿಲ್ಲಿಸಿದರು, ಏಳಲೂ ಇಲ್ಲ, ಎಂದಿನ ಹಾಡೂ ಬರಲಿಲ್ಲ. ತಮ್ಮಿಂದ ಏನೋ ತಪ್ಪಾಗಿದೆ, ಎಲ್ಲರಿಗೂ ಸಿಟ್ಟು ಬಂದಿದೆ ಎಂದುಕೊಂಡರಂತೆ. ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು, ಹೋಗಲೋ ಬೇಡವೋ ತಿಳಿಯದೆ, ಗಾಬರಿ ಕಳೆಯಲೆಂದು ಆ ರಚನೆಯನ್ನು ಮಂಡಿಯ ಮೇಲೆ ಬೆರಳಾಡಿಸುತ್ತ ಮನಸ್ಸಿನಲ್ಲೇ ನುಡಿಸಿಕೊಂಡರು.

ಪೂರ್ತಿಯಾಗಿಯೇ ಎಂದು ಕೇಳಿದೆ. ಪೂರ್ತಿಯಾಗಿ ಎಂದರು. ಅಷ್ಟು ಚಿಕ್ಕ ಸಮಯದಲ್ಲಿ ಹೇಗೆ ಎಂದೆ. ಮನಸ್ಸಿನಲ್ಲಿ ನುಡಿಸಲು ಸಮಯ ಬೇಕಾಗುವುದಿಲ್ಲವಲ್ಲ ಎಂದರು, ಅದೇನೋ ಎಲ್ಲರಿಗೂ ಗೊತ್ತಿರುವ ಮಾತು ಎಂಬಂತೆ.

ನಾನು ಬಿಡಲಿಲ್ಲ. ಹೋದ ಭಾನುವಾರ ಇಲ್ಲಿ, ಈ ಹಾಲ್‌ನಲ್ಲಿ, ಯಾವಾಗಲಾದರೂ ಒಮ್ಮೆ ಇದನ್ನು ನಿಜವಾಗಿ ನುಡಿಸಿದ್ದಿರಾ ಎಂದು ಕೇಳಿದೆ. ಮಿಚಿಕೊ ಯೋಚಿಸಿದರು. ಬೆಳಿಗ್ಗೆ ಟೆಂಪೊದಿಂದ ಇಳಿಸಿದ ಮೇಲೆ ಕೀಲಿಗಳು ಸರಿಯಿವೆಯೇ ಎಂದು ನೋಡಲು ಏನೋ ನುಡಿಸಿದ್ದುಂಟು, ಇದೇ ಇದ್ದರೂ ಇರಬಹುದು, ಖಚಿತವಾಗಿ ನೆನಪಿಲ್ಲ ಎಂದರು. ಆಗ ಇಲ್ಲಿ ಯಾರಿದ್ದರು ಎಂದೆ. ಸೀನ ಟೆಂಪೊದವನನ್ನು ಕಳಿಸಲು ಕೆಳಗೆ ಹೋಗಿದ್ದ. ಹಿಂದೆ ಯಾರೋ ಒಬ್ಬರು ಕುರ್ಚಿ ಹಾಕುತ್ತಿದ್ದರು. ಹೆಜ್ಜೆಯ ಸದ್ದಿನಿಂದ ಗಂಡಸು ಅನ್ನಿಸಿತ್ತು. ತಾನು ಬೆನ್ನು ಮಾಡಿ ಕೂತಿದ್ದೆ, ತಿರುಗಿ ನೋಡಲಿಲ್ಲ ಎಂದರು.

ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಅದು ಒಂದು ಕ್ಷಣ ಮಾತ್ರ. ಬೆಳಿಗ್ಗೆ ಕುರ್ಚಿ ಹಾಕುತ್ತಿದ್ದವನು ನಾನೇ ಆಗಿದ್ದರೆ ಎಲ್ಲವೂ ಸರಿಹೋಯಿತು. ಅರೆಮನಸ್ಸಿನಲ್ಲಿ ಕೇಳಿದ ಸಂಗೀತ ಸಂಜೆ ಮೇಲೆದ್ದು ಬಂದಿದೆ. ಯಾವ ಪವಾಡವೂ ಇಲ್ಲ. ಆದರೆ ಆ ಭಾನುವಾರ ಬೆಳಿಗ್ಗೆ ನಾನು ಹಾಲ್‌ಗೆ ಹೋಗಿರಲಿಲ್ಲ. ಮನೆಯಲ್ಲಿಯೇ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಸುಮಾ ಅಕ್ಕಿರೊಟ್ಟಿ ಮಾಡಿದ್ದಳು, ನೀರಿನ ಟ್ಯಾಂಕರ್ ಬಂದು ಗೇಟಿಗೆ ಗುದ್ದಿತ್ತು. ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ.

ಮನೆಗೆ ಬಂದವನೇ ಸುಮಾಳನ್ನು ಕೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಮನೇಲೆಲ್ಲಿದ್ರಿ? ತಿಂಡಿನೂ ತಿನ್ನದೆ ಹೆಲ್ಮೆಟ್ ತಗೊಂಡು ಹೊರಟ್ರಲ್ಲ, ಕುರ್ಚಿ ಹಾಕ್ಬೇಕು ಅಂತ."

"ಅದು ಎರಡನೇ ವಾರ ಕಣೇ. ಮೂರನೇ ವಾರ ಅಕ್ಕಿರೊಟ್ಟಿ ಮಾಡಿರ್ಲಿಲ್ವಾ ನೀನು? ಟ್ಯಾಂಕರ್ ಗೇಟಿಗೆ ಗುದ್ದಿದ್ದು?"

"ಟ್ಯಾಂಕರ್ ಗುದ್ದಿದ್ದು ಎರಡನೇ ವಾರ ರೀ." ಅವಳು ಮಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಏನನ್ನೋ ಹೇಳಲು ಹೊರಟು, "ನಂಗೂ ಸರಿಯಾಗಿ ನೆನಪಿಲ್ಲ ಬಿಡಿ" ಎಂದಳು. ಅವಳು ನಮ್ಮ ತಂದೆಯವರನ್ನು ಕೊನೆಯವರೆಗೂ ನೋಡಿಕೊಂಡವಳು. ಆ "ಬಿಡಿ" ನನಗೆ ಇಷ್ಟವಾಗಲಿಲ್ಲ.

ಇದನ್ನು ಪರೀಕ್ಷಿಸುವುದು ಎಷ್ಟರ ಮಾತು ಎಂದುಕೊಂಡೆ. ಇವತ್ತಿನ ಕಾಲದಲ್ಲಿ ಮನುಷ್ಯ ಎಲ್ಲಿದ್ದ ಎಂಬುದನ್ನು ಅವನ ಫೋನೇ ಹೇಳುತ್ತದೆ. ಆದರೆ ನನ್ನ ಫೋನಿನಲ್ಲಿ ಅದನ್ನು ಹೇಳುವ ಸೌಲಭ್ಯವನ್ನು ನಾನೇ ಬಂದ್ ಮಾಡಿಟ್ಟಿದ್ದೆ, ಕಂಪನಿಗಳಿಗೆ ನಮ್ಮ ಓಡಾಟ ಯಾಕೆ ಗೊತ್ತಾಗಬೇಕು ಎಂಬ ತತ್ತ್ವದಿಂದ. ಮಂಡಳಿಯ ಬಾಗಿಲಲ್ಲಿ ಕ್ಯಾಮೆರಾ ಇದೆ. ಅದರಲ್ಲಿ ಹಳೆಯದರ ಮೇಲೆ ಹೊಸದು ಕೂರುತ್ತ ಹೋಗುತ್ತದೆ, ಆ ಭಾನುವಾರ ಆಗಲೇ ಅಳಿಸಿಹೋಗಿತ್ತು. ಎದುರುಮನೆಯವರನ್ನು ಟ್ಯಾಂಕರ್ ಗುದ್ದಿದ್ದು ಯಾವ ದಿನ ಎಂದು ಕೇಳಿದೆ. ಗುದ್ದಿದ್ದೇ ಅವರಿಗೆ ನೆನಪಿರಲಿಲ್ಲ. ಯಾವ ಬಾಗಿಲು ತಟ್ಟಿದರೂ ಒಳಗೆ ಯಾರೂ ಇಲ್ಲ. ಆ ದಿನಗಳಲ್ಲಿ ನಾನು ಮನೆಯವರ ಮೇಲೆಲ್ಲ ರೇಗುತ್ತಿದ್ದೆ.

ಸೀನನನ್ನು ಫೋನಿನಲ್ಲಿ ಹಿಡಿದೆ. "ಲೋ, ಮೂರನೇ ವಾರ ಬೆಳಿಗ್ಗೆ ಕುರ್ಚಿ ಹಾಕಿದ್ದು ಯಾರು?"

"ನೀನೇ ಅಲ್ವೇನೋ? ನಾನು ಟೆಂಪೊದವನ ಜೊತೆ ಕೆಳಗಿದ್ದೆ, ಮೇಲೆ ಬರೋಷ್ಟರಲ್ಲಿ ಹಾಕಿ ಆಗಿತ್ತು."

"ನನ್ನನ್ನ ನೋಡಿದ್ಯಾ?"

"ನೋಡಿದ... ಹಾಗೇ ಅನ್ಸುತ್ತೆ. ಇಲ್ಲ, ಅದು ಎರಡನೇ ವಾರ ಇರ್ಬೇಕು. ಥೂ, ಏನೋ ನಿಂದು ಪೊಲೀಸ್ ವಿಚಾರಣೆ!" ಆಮೇಲೆ ಒಂದು ಫೋಟೊ ಕಳಿಸಿದ. ಮೂರನೆಯ ವಾರದ್ದೇ, ಸಂಜೆ ಜನ ಬರುವ ಮುಂಚೆ ಖಾಲಿ ಹಾಲ್‌ನಲ್ಲಿ ತೆಗೆದದ್ದು. ಪ್ರತಿ ಕುರ್ಚಿಯೂ ಮುಂದಿನ ಎರಡು ಕುರ್ಚಿಗಳ ಸಂದಿಗೆ ಸರಿಯಾಗಿ ಕೂತಿತ್ತು. ಕೆಳಗೆ ಅವನು ಬರೆದಿದ್ದ, "ಈ ಹುಚ್ಚು ನಿನಗೆ ಬಿಟ್ರೆ ಇನ್ಯಾರಿಗಿದೆ ಹೇಳು."

ಆ ಫೋಟೊವನ್ನು ನಾನು ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೇನೋ. ಒಂದು ಕಡೆ ಸಮಾಧಾನ ಮಾಡಿಕೊಳ್ಳುತ್ತೇನೆ. ಮೊದಲ ಎರಡು ವಾರ ಸಹಾಯಕ್ಕೆ ಬಂದಿದ್ದ ಮಂಡಳಿಯವರಿಗೆ ಹೀಗೇ ಹಾಕಬೇಕೆಂದು ತಲೆ ತಿಂದು ಕಲಿಸಿದವನು ನಾನು, ಅವರಲ್ಲಿ ಯಾರೋ ಹಾಕಿರಬಹುದು. ಅವರನ್ನೂ ಕೇಳಿದೆ. ಒಬ್ಬರು ತಾನಲ್ಲ ಎಂದರು, ಇನ್ನೊಬ್ಬರು ತಾನೇ ಇರಬಹುದು ಎಂದರು. ನೀವು ಹೇಳಿದ ಹಾಗೇ ಹಾಕೋದು ಸಾರ್ ನಾವು, ಯಾವಾಗ್ಲೂ, ಎಂದು ನನ್ನನ್ನು ಮೆಚ್ಚಿಸಲೆಂಬಂತೆ ಸೇರಿಸಿದರು.

ನನ್ನ ಪಾಡು ಈಗ ನಿಮಗೆ ಅರ್ಥವಾಗಿರಬೇಕು. ಆ ಬೆಳಿಗ್ಗೆ ಹಾಲ್‌ನಲ್ಲಿದ್ದವನು ನಾನಾಗಿದ್ದರೆ, ಇದರಲ್ಲಿ ವಿಚಿತ್ರವೇನೂ ಇಲ್ಲ. ಆದರೆ ಒಂದು ಇಡೀ ಬೆಳಗು ನನ್ನೊಳಗಿಂದ ಅಳಿಸಿಹೋಗಿದೆ, ಅದರ ಜಾಗದಲ್ಲಿ ಇನ್ಯಾವುದೋ ವಾರದ ಅಕ್ಕಿರೊಟ್ಟಿಯೂ ಟ್ಯಾಂಕರೂ ಬಂದು ಕೂತಿವೆ. ನಮ್ಮ ತಂದೆಯವರಿಗೆ ಆದದ್ದೂ ಹೀಗೆಯೇ. ಆ ಬೆಳಿಗ್ಗೆ ನಾನು ಮನೆಯಲ್ಲಿದ್ದುದು ನಿಜವಾದರೆ, ನನ್ನ ತಲೆ ನೆಟ್ಟಗಿದೆ. ಆದರೆ ಒಬ್ಬರು ಪರದೆಯ ಹಿಂದೆ ಕೂತು ಮನಸ್ಸಿನಲ್ಲಿ ನುಡಿಸಿಕೊಂಡದ್ದು ನಾಲ್ಕನೆಯ ಸಾಲಿನಲ್ಲಿ ಕೂತವನಿಗೆ ಕೇಳಿಸಿದೆ. ನಾನು ಕಲಿತದ್ದರಲ್ಲಿ, ಕಲಿಸಿದ್ದರಲ್ಲಿ ಅದಕ್ಕೆ ಜಾಗವಿಲ್ಲ. ಬದುಕಿಡೀ ಎಲ್ಲದಕ್ಕೂ ಸಹಜ ಕಾರಣ ಹುಡುಕಿದವನು ನಾನು. ಈ ಒಂದು ವಿಷಯದಲ್ಲಿ ಸಹಜ ಕಾರಣವೇ ನಿಜವಾಗಿರದಿರಲಿ ಎಂದು ಆಸೆಪಡುವಂತಾಗಿದೆ. ಚಿಕ್ಕಮ್ಮನಿಗೆ ಇದು ಗೊತ್ತಾದರೆ ಇನ್ನೊಂದು ಹೋಮ ಖಂಡಿತ.

ನಾಲ್ಕನೆಯ ಭಾನುವಾರ ಇನ್ನೊಂದು ನಡೆಯಿತು. ಕಛೇರಿ ಮುಗಿದು, ಶಾರದಮ್ಮ ಈ ಸಲ ತಪ್ಪದೆ ಮಂಗಳ ಹಾಡಿ, ಜನ ಎದ್ದ ಮೇಲೆ ಮಿಚಿಕೊ ನನ್ನನ್ನು ಕರೆದು, ನಿಮಗೋಸ್ಕರ ಅದನ್ನು ಪೂರ್ತಿ ನುಡಿಸುತ್ತೇನೆ, ಕೂತು ಕೇಳಿ ಎಂದರು. ನಾನು ಬೇಡ ಎಂದೆ. ಈಗ ಕೇಳಿಬಿಟ್ಟರೆ, ಆಗ ಕೇಳಿದ್ದು ಯಾವುದು, ಈಗ ಕೇಳಿದ್ದು ಯಾವುದು ಎಂದು ಮುಂದೆ ಬೇರೆ ಮಾಡಲಾಗುವುದಿಲ್ಲ, ಇರುವ ಒಂದೇ ಪುರಾವೆ ಕೆಟ್ಟುಹೋಗುತ್ತದೆ ಎಂದು ವಿವರಿಸಿದೆ. ಒಳ್ಳೆಯ ಪ್ರಯೋಗಶಾಲೆಯ ನಿಯಮ. ಅವರು ನನ್ನ ಮಾತು ಅರ್ಥವಾದವರಂತೆ ತಲೆಯಾಡಿಸಿದರು, ಆದರೆ ಮುಖ ಸಣ್ಣದಾಯಿತು. ಪಿಯಾನೊ ಮೇಲೆ ಬಟ್ಟೆ ಹೊದಿಸಿದರು. ಗುರುಗಳು ಈಗಿಲ್ಲವೆಂದೂ, ಆ ರಚನೆಯನ್ನು ಬೇರೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲೆಂದೂ ಅವರು ಸೀನನ ಹತ್ತಿರ ಹೇಳಿದ್ದು ನನಗೆ ತಿಳಿದದ್ದು ಆಮೇಲೆ. ಮರುವರ್ಷ ಅವರ ಗಂಡನಿಗೆ ವರ್ಗವಾಗಿ ಅವರು ಜಪಾನಿಗೆ ಹಿಂತಿರುಗಿದರು. ನಾನು ಕಾಪಾಡಿಕೊಂಡ ಪುರಾವೆಯಿಂದ ಯಾವುದೂ ಸಾಬೀತಾಗಲಿಲ್ಲ. ಆ ಸಂಜೆ ಸುಮ್ಮನೆ ಕೂತು ಕೇಳಬೇಕಿತ್ತು.

ವೈದ್ಯರ ಬಳಿಗೂ ಹೋಗಿಬಂದೆ, ಸುಮಾಳಿಗೆ ಹೇಳದೆ. ಅವರು ಕೆಲವು ಪದಗಳನ್ನು ಹೇಳಿ, ಬೇರೆ ಏನೇನೋ ಮಾತಾಡಿಸಿ, ಆ ಪದಗಳನ್ನು ಕೇಳಿದರು. ಎಲ್ಲವನ್ನೂ ಒಪ್ಪಿಸಿದೆ. ಗಡಿಯಾರ ಬರೆಯಿಸಿದರು, ಬರೆದೆ. "ವಯಸ್ಸಿಗೆ ತಕ್ಕ ಹಾಗಿದೆ, ಚಿಂತೆ ಬೇಡ, ಚೆನ್ನಾಗಿ ನಿದ್ದೆ ಮಾಡಿ" ಎಂದರು. ವಯಸ್ಸಿಗೆ ತಕ್ಕ ಹಾಗೆ ಎಂಬ ಮಾತನ್ನು ನಮ್ಮ ತಂದೆಯವರಿಗೂ ಮೊದಲ ವರ್ಷ ಹೇಳಿದ್ದರು. ಅದಾಗಿ ಈಗ ಕೆಲವು ವರ್ಷಗಳೇ ಕಳೆದಿವೆ. ಪಾಠ ಮಾಡುತ್ತಿದ್ದೇನೆ, ತಪ್ಪಿಲ್ಲದೆ ಲೆಕ್ಕ ಬಿಡಿಸುತ್ತೇನೆ, ಬೀಗದ ಕೈ ಎಲ್ಲರಂತೆ ಆಗಾಗ ಹುಡುಕುತ್ತೇನೆ. ಭಯಪಡುವಂಥದ್ದು ಏನೂ ಆಗಿಲ್ಲ. ಆಗಿದ್ದರೆ ನನಗೆ ಗೊತ್ತಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಆ ರಚನೆ ಮಾತ್ರ ಹೋಗಿಲ್ಲ. ಗಾಡಿ ಓಡಿಸುವಾಗ, ಸಿಗ್ನಲ್‌ನಲ್ಲಿ ನಿಂತಾಗ ಗುನುಗುತ್ತೇನೆ. ಪ್ರತಿ ಸಲವೂ ಆ ಕೊನೆಯ ಸ್ವರಕ್ಕೆ ಮುಂಚೆ ಬೇಕೆಂದೇ ನಿಲ್ಲಿಸುತ್ತೇನೆ. ಯಾಕೋ, ಅದನ್ನು ಹೇಳಿಬಿಟ್ಟರೆ ವಿಚಾರಣೆ ಮುಗಿದುಹೋದೀತು ಎಂಬ ಅಳುಕು.

ಹೋದ ತಿಂಗಳು ಒಂದು ಸಂಜೆ ಸುಮಾ ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತ ಏನೋ ಗುನುಗುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಓದುತ್ತಿದ್ದವನು ಕಿವಿಗೊಟ್ಟೆ. ಅದೇ. ಮೆಟ್ಟಿಲಿಳಿದು ನಿಂತಿತು, ಮತ್ತೆ ಇಳಿದು ನಿಂತಿತು, ಕೊನೆಗೊಮ್ಮೆ ಇಳಿದು, ನಿಲ್ಲದೆ, ಆ ಕೊನೆಯ ಸ್ವರದ ಮೇಲೆ ಬಂದು ಕೂತಿತು. ಸರಿಯಾಗಿ, ಮಿಚಿಕೊ ಒಂದು ಬೆರಳಿನಿಂದ ಒತ್ತಿದ ಸ್ವರ. ಆ ಹೊತ್ತು ವೇದಿಕೆಯ ಹತ್ತಿರ ಸುಮಾ ಇರಲಿಲ್ಲ.

ಎದ್ದು ಹೋಗಿ, ಅದನ್ನು ಎಲ್ಲಿ ಕಲಿತೆ ಎಂದು ಕೇಳಿದೆ.

"ಕಲಿಯೋದೇನು ಬಂತು?" ಎಂದಳು ತಲೆಯೆತ್ತದೆ. "ದಿನಾ ಬೆಳಿಗ್ಗೆ ಕಾಫಿಗೆ ಇಡ್ತಾ ನೀವೇ ತಾನೆ ಪೂರ್ತಿ ಹೇಳೋದು. ಕೇಳೀ ಕೇಳೀ ನನ್ನ ಬಾಯಿಗೂ ಬಂದ್ಬಿಟ್ಟಿದೆ."

ಜನ ತಮಗೇ ತಿಳಿಯದೆ ಗುನುಗುತ್ತಾರೆ. ಅದು ಎಲ್ಲರಿಗೂ ಇರುವ ಅಭ್ಯಾಸ, ಅದರಲ್ಲೇನೂ ಇಲ್ಲ. ಬೆಳಿಗ್ಗೆ ಕಾಫಿಗೆ ಇಡುವವನು ನಾನೇ, ಅದೂ ನಿಜ. ಗುನುಗಿದ ನೆನಪು ನನಗಿಲ್ಲ. ಅವಳ ಪಕ್ಕದಲ್ಲಿ ಕೂತು, ಬುಟ್ಟಿಯಲ್ಲಿದ್ದ ಬೀನ್ಸ್ ನೋಡುತ್ತ, ಇವತ್ತು ಬೆಳಿಗ್ಗೆ ಇದನ್ನು ತಂದವರು ಯಾರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.